ಜಾಳಿಗೆ ಬಾಗಿಲಿನ ಕಪಾಟು

3 ಜುಲೈ 1985, ಬುಧವಾರ

ಸರಕಾರದವರು ಕೊಡುತ್ತೇವೆ ಅಂದದ್ದು: ನಮ್ಮ ಕೇರಿಯ ಬಾಲವಾಡಿಗೆ ಚಾಪೆ, ಆಟಿಕೆ, ಆಟಿಕೆ ಇಡಲು ಕಪಾಟು. ಕೀಲಿಕೈ ಶಿಕ್ಷಕಿಯ ಹತ್ತಿರ, ಅಂದರೆ ನನ್ನ ಹತ್ತಿರ.

ಕೊಟ್ಟದ್ದು: ಚಾಪೆ.

ಆಟಿಕೆ ಬಂದಿವೆ. ಯುಗಾದಿಗೂ ಮುಂಚೆ ಆಳಂದದಿಂದ ಜೀಪಿನಲ್ಲಿ ಬಂದು ಪಂಚಾಯ್ತಿ ಚೇರ್ಮನ್ ದೌಲತರಾಯರ ವಾಡೆಯಲ್ಲಿ ಇಳಿದವು. ಅಲ್ಲೇ ಇವೆ. ಇವತ್ತೂ ಹೋದೆ. ಕಟ್ಟೆಯ ಕೆಳಗೆ ನಿಂತೆ, ಮೇಲೆ ದೌಲತರಾಯ ಕೂತಿದ್ದ. ಒಳಗೆ ಅವನ ಮೊಮ್ಮಗ ನಮ್ಮ ಮಕ್ಕಳ ಕಟ್ಟಿಗೆ ಕುದುರೆ ಓಡಿಸುತ್ತಿದ್ದ. ಗಾಲಿಯ ಕಿರ್ರ್ ಸದ್ದು ಹೊರಗೂ ಕೇಳುತ್ತಿತ್ತು.

"ಕಪಾಟ ಇಲ್ದ ಸರಕಾರಿ ಮಾಲು ಎಲ್ಲಿ ಇಡ್ತೀಬೇ ಮಾಣಿಕಿ? ಕಳುವಾದ್ರ ಜವಾಬು ಯಾರು ಕೊಡೋರು?"

"ಕಪಾಟನೂ ಬರಬೇಕಿತ್ತಲ್ರಿ?"

"ಬಂದಿಲ್ಲ. ಬಂದ್ ಮ್ಯಾಲ ನೋಡೂಣು."

ಬಂದಿದೆ. ಪಡಸಾಲೆಯಲ್ಲಿ ಕಣ್ಣಾರೆ ಕಂಡೆ. ಅದರೊಳಗೆ ಸೀರೆ ಜೋಡಿಸಿದ್ದಾರೆ. ಅದರ ಮೇಲೆ ಬಸವಣ್ಣನ ಫೋಟೊ. ಫೋಟೊಕ್ಕೆ ದಿನಾ ಹೂ...

ಅಣ್ಣ ಭೀಮಶಾನಿಗೆ ಹೇಳಿದೆ. ಬೀಡಿ ಆರಿಸಿ ನಕ್ಕ. "ಅವರ ಸೀರಿ ಅಲ್ಲೇ ಮಲಗಲಿ, ಎಬ್ಬಸಬ್ಯಾಡ. ನಮ್ಮ ಕಪಾಟ ನಾವ ಮಾಡೂಣು, ತಂಗಿ."

10 ಜುಲೈ, ಸಂಜೆ

ನಮ್ಮ ಊರು ಖಜೂರಿ ನಮಗೆ ಒಂದು ಉಪಕಾರ ಮಾಡಿದೆ — ಟ್ರಕ್ಕು. ಗಡಿ ರಸ್ತೆಯಲ್ಲಿ ಟ್ರಕ್ ರಿಪೇರಿ ಮಾಡುವ ಹಸನಸಾಬನ ಅಂಗಡಿ ಹಿಂದೆ ಮುರುಕು ಹಲಗೆಗಳ ರಾಶಿ.

"ಬಚ್ಚೇ ಲೋಗಾಂದು ಕೆಲ್ಸ ಅದ ಅಂತಿ, ಒಯ್ಯೋ ಭೀಮಶಾ. ಹಲಗಿ ಸಾಕಾ, ಪೂರಾ ಟ್ರಕ್ಕೇ ಬೇಕಾ?"

"ಟ್ರಕ್ಕು ಆಮ್ಯಾಲ ಕೇಳ್ತೀನಿ ಸಾಬ. ಇಲ್ಲ ಅನಬ್ಯಾಡ ಮತ್ತ."

ಅಣ್ಣ ಕೊಯ್ದ. ನಾನು ಹಿಡಿದೆ, ಉಜ್ಜಿದೆ. ಒಂದು ಹಲಗೆಯ ಮೇಲೆ 'ಹಾರ್ನ್' ಅನ್ನುವುದು ಅರ್ಧ ಉಳಿದಿದೆ, ತಲೆಕೆಳಗಾಗಿ. ಇರಲಿ. ಮೂರು ಅಂಕಣ. ಕೆಳಗೆ ಕುದುರೆ, ನಡುವೆ ಮಣಿ ಮತ್ತು ಕಟ್ಟಿಗೆ ತುಂಡು, ಮೇಲೆ ಗೊಂಬೆ. ಎತ್ತರ ನನ್ನ ಸೊಂಟಕ್ಕೆ. ಎಲ್ಲಕ್ಕಿಂತ ಸಣ್ಣ ಕೂಸಿನ ಕೈಯೂ ಗೊಂಬೆಗೆ ಮುಟ್ಟಬೇಕು. ಅಣ್ಣನ ಮಗಳು ನಿಂಬೆವ್ವಳನ್ನೇ ಎದುರಿಗೆ ನಿಲ್ಲಿಸಿ ಅಳತೆ ತೆಗೆದೆವು.

ಬಾಗಿಲಿಗೆ ಜಗಳ.

"ಬಾಗಲಾ ಯಾಕಬೇ? ಆಟದ ಸಾಮಾನಿಗಿ ಕೀಲಿ ಯಾಕ?"

"ಅವರಿಗಿ ನೆಪ ಉಳೀಬಾರದಣ್ಣಾ."

ನಮ್ಮ ಕೇರಿಯ ಸಂಘದ ಶಿಬಿರದಲ್ಲಿ ಕಲಿತದ್ದು ಅದೇ: ಎದುರಿನವನಿಗೆ ನೆಪ ಉಳಿಸಬೇಡಿ. ಗೆದ್ದೆ. ಆದರೆ ಹಲಗೆ ಬಾಗಿಲು ಬೇಡ, ಮಕ್ಕಳಿಗೆ ಸಾಮಾನು ಕಾಣಬೇಕು ಅಂದೆ. ಚೌಕಟ್ಟಿಗೆ ತಂತಿ ಜಾಳಿಗೆ ಬಡಿದೆವು. ಜಾಳಿಗೆ ಕತ್ತರಿಸಿದ್ದು ನಾನು. ಬಾಗಿಲು ತಿರುಗುವ ಬಿಜಾಗರಿ ಒಳಗೆ ಕೂರಲಿಲ್ಲ. ಅಣ್ಣ ಹೊರಗಿನಿಂದಲೇ ತಿರುಪು ಹಾಕಿದ.

22 ಜುಲೈ, ಸೋಮವಾರ

ಬಂದರು. ಸುಪರ್‌ವೈಜರ್ ಬಾಯಿ, ದೌಲತರಾಯ, ಆಟಿಕೆ ಮೂಟೆ. ಕಪಾಟು ಆಗಿದೆ ಅಂತ ನಾನು ಆಳಂದಕ್ಕೆ ಬರೆದು ತಿಳಿಸಿದ್ದೆ. ಕಪಾಟು ನೋಡಿ ಚೇರ್ಮನ್ ಮುಖ ಸಣ್ಣದಾಯಿತು. ನೆಪ ಸತ್ತಿತು ಅಂದುಕೊಂಡೆ.

ಸಾಮಾನು ಜೋಡಿಸಿದೆ. ಕುದುರೆಗೆ ಒಂದು ಗಾಲಿ ಇಲ್ಲ. ಬಾಯಿ ನೋಡಿಯೂ ನೋಡಲಿಲ್ಲ. ದೌಲತರಾಯ ತನ್ನ ಅಂಗಿ ಜೇಬಿನಿಂದ ಹಿತ್ತಾಳೆ ಕೀಲಿ ತೆಗೆದ. ಹಾಕಿದ. ಬೀಗ ಬಿತ್ತು. ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡ.

"ಅದು ನನ್ನ ಹಂತ್ಯಾಕ ಇರಬೇಕ್ರಿ. ಆರ್ಡರಿನ್ಯಾಗ ಅದ."

"ಸಾಹೇಬ್ರು ಬಂದಾಗ ನಾನ ಬಂದು ತಗೀತೀನಿ. ನಾಳಿ ಮ್ಯಾಲಿನ ಓಣ್ಯಾಗೂ ಬಾಲವಾಡಿ ಆಗ್ತದ. ಇವೇ ಸಾಮಾನು ಅಲ್ಲಿಗಿ ಬೇಕು. ನಿಮ್ಮ ಹುಡುಗ್ರು ಮುಟ್ಟಿದ್ದು ನಮ್ಮ ಹುಡುಗ್ರ ಕೈಯಾಗ ಹ್ಯಾಂಗ ಕೊಡ್ಲಿ, ನೀನ ಹೇಳು?"

ಎಷ್ಟು ನಯವಾಗಿ ಕೇಳಿದ! ಬಾಯಿ ಸೆರಗು ಸರಿಮಾಡಿಕೊಂಡರು.

ಅವರು ಹೋದ ಮೇಲೆ ಮಕ್ಕಳು ಕಪಾಟಿನ ಮುಂದೆ ಸಾಲಾಗಿ ಕೂತರು. ಗದ್ದಲ ಇಲ್ಲ. ನಿಂಬೆವ್ವ ಕೇಳಿದಳು, "ಅತ್ತಿ, ಗೊಂಬಿಗಿ ಉಸುರು ಕಟ್ತದೇನ?"

ಇಲ್ಲವ್ವ. ಜಾಳಿಗೆ ಅದ.

ನಾವೇ ಕೊಯ್ದ ಹಲಗೆ. ನಾನೇ ಹಟ ಹಿಡಿದು ಹಾಕಿಸಿದ ಬಾಗಿಲು. ಜೈಲು ಕಟ್ಟಿಕೊಟ್ಟೆ. ಅವನು ಬರೀ ಕೀಲಿ ತಂದ.

5 ಆಗಸ್ಟ್

ತಪಾಸಣೆಗೆ ಸಾಹೇಬರು ಬಂದಿದ್ದರು. ಕೀಲಿ ತೆರೆಯಿತು. "ಎಲ್ಲಾ ಹೊಸಾವು ಇದ್ದಂಗೇ ಅದಾವಲ್ಲ! ಶಾಬಾಸ್, ಟೀಚರ್." ಕೀಲಿ ಬಿತ್ತು.

ಕೀಲಿಕೈಗಾಗಿ ಆಳಂದಕ್ಕೆ ಎರಡು ಅರ್ಜಿ ಬರೆದೆ. ಉತ್ತರ ಇಲ್ಲ.

14 ಆಗಸ್ಟ್

ನಿಂಬೆವ್ವ ಗೊಂಬೆಯ ಲಂಗದ ಅಂಚು ಎಳೆಯಲು ಜಾಳಿಗೆಯ ಮೂಲೆಯಲ್ಲಿ ಬೆರಳು ತೂರಿಸಿದಳು. ಸಿಕ್ಕಿಕೊಂಡಿತು. ತಂತಿಯ ತುದಿ ಕೊಯ್ದುಬಿಟ್ಟಿತು. ಬಿಡಿಸುವಷ್ಟರಲ್ಲಿ ಲಂಗದ ಮೇಲೆ ರಕ್ತ. ಕೂಸು ಅಳಲಿಲ್ಲ. "ಮುಟ್ಟೀನಿ ಅತ್ತಿ, ಬೈಬ್ಯಾಡ" ಅಂದಳು.

ಆ ತುದಿ ಮಡಚಬೇಕಿತ್ತು. ನಾನು ಮಡಚಲಿಲ್ಲ.

17 ಆಗಸ್ಟ್, ಆಳಂದ ಆಸ್ಪತ್ರೆ

ಕೀವು. ಜ್ವರ. ಬೆರಳಿನ ತುದಿ ತೆಗೆದರು. ಬಲಗೈ.

18 ಆಗಸ್ಟ್

—

19 ಆಗಸ್ಟ್, ಸೋಮವಾರ

ಅಣ್ಣ ಹಾಡುಹಗಲೇ ಬಂದ. ಕೇರಿ ಪೂರಾ ನೋಡುತ್ತಿತ್ತು. ತಿರುಪುಳಿಯಿಂದ ಬಿಜಾಗರಿಯ ಒಂದೊಂದೇ ತಿರುಪು ಬಿಚ್ಚಿದ. ಬಾಗಿಲನ್ನು ಕೀಲಿ ಸಮೇತ ಎತ್ತಿ ಗೋಡೆಗೆ ಆನಿಸಿದ.

"ನೋಡ್ರಪ್ಪೋ, ದೌಲತರಾಯರ ಕೀಲಿಗಿ ಕೈ ಹಚ್ಚಿಲ್ಲ. ಹಾಂಗೇ ಅದ. ಪೂಜಿ ಮಾಡ್ಕೊಳ್ಳಿ."

ಜನ ನಕ್ಕರು. ಮಕ್ಕಳು ನಗಲಿಲ್ಲ. ಏಳಲೂ ಇಲ್ಲ. ಬಾಗಿಲಿಲ್ಲದ ಕಪಾಟಿನ ಮುಂದೆ ಕೈ ಕಟ್ಟಿ ಅದೇ ಸಾಲಿನಲ್ಲಿ ಕೂತೇ ಇದ್ದರು. ಒಂದು ತಿಂಗಳಲ್ಲಿ ಕಲಿತುಬಿಟ್ಟಿದ್ದರು. ನಾನೇ ಕಲಿಸಿದ್ದು, ಹಾಗಾದರೆ? ಬಾಲವಾಡಿಯ ಮೊದಲ ಪಾಠ.

ಗೊಂಬೆ ತೆಗೆದು ಒಬ್ಬೊಬ್ಬರ ಮಡಿಲಿಗೆ ಇಡಬೇಕಾಯಿತು. ಆಮೇಲೆ ಸದ್ದು ಎದ್ದಿತು. ಗಾಲಿ ಇಲ್ಲದ ಕುದುರೆಯೂ ಓಡಿತು. ನಿನ್ನೆ ಆಸ್ಪತ್ರೆಯಿಂದ ಬಂದ ನಿಂಬೆವ್ವ ಎಡಗೈಯಲ್ಲಿ ಗೊಂಬೆಯ ಲಂಗದ ಕಲೆ ಉಜ್ಜುತ್ತಾ ಕೂತಳು.

21 ಆಗಸ್ಟ್

ಪೊಲೀಸರು ಅಣ್ಣನನ್ನು ಒಯ್ದರು. ಸರಕಾರಿ ಮಾಲಿನ ಕಳ್ಳತನ. ಮಾಲು ಕೋಣೆಯಲ್ಲೇ ಇದೆ, ಮಕ್ಕಳ ಕೈಯಲ್ಲೇ ಇದೆ. ಆದರೂ ಕಳ್ಳತನ. ಮಕ್ಕಳ ಕೈಗೆ ಸಿಗುವುದೇ ಕಳುವು ಈ ಊರಲ್ಲಿ.

ದೌಲತರಾಯ ಹೇಳಿಕಳಿಸಿದ: ಬಾಗಿಲು ಕೂರಿಸಿ ಕೈ ಮುಗಿದರೆ ಕೇಸು ಹಿಂದಕ್ಕೆ. ಇಲ್ಲದಿದ್ದರೆ ನನ್ನ ಕೆಲಸವೂ ಹೋಗುತ್ತದೆ.

22 ಆಗಸ್ಟ್, ಆಳಂದ

ಸ್ಟೇಷನ್ನಿನ ಸರಳಿನ ಆಚೆ ಅಣ್ಣ. ತುಟಿ ಒಡೆದಿದೆ. "ಇದೂ ನಿನ್ನ ಕಪಾಟಿನಂಗೇ ಅದ ನೋಡು ತಂಗಿ. ಹೊರಗಿಂದ ಎಲ್ಲಾ ಚೆಂದ ಕಾಣ್ತದ." ನಕ್ಕ. ನಗುವಾಗ ಮತ್ತೆ ರಕ್ತ.

"ಬಾಗಲಾ ಕೂಡ್ರಿಸಿದಿ ಅಂದ್ರ, ಬಿಟ್ರೂ ನಾ ಮನೀಗಿ ಬರಂಗಿಲ್ಲ."

24 ಆಗಸ್ಟ್, ಶನಿವಾರ

ಸಂಘದವರು ಬಾಲವಾಡಿ ಕೋಣೆಯಲ್ಲೇ ಕೂತೆವು. ಹಿರಿಯಳು ಬಾಳಮ್ಮ ಅಂದಳು, "ಬಾಗಲಾ ಹಚ್ಚವ್ವ. ಮೊದಲ ಮನಶ್ಯಾ ಹೊರಗ ಬರ್ಲಿ." ತಪ್ಪಲ್ಲ ಅವಳ ಮಾತು. ಒಡೆದ ತುಟಿ ನೆನಪಾಗಿ ನನ್ನ ಬಾಯಿಗೂ ಅದೇ ಬಂದಿತ್ತು. ಆಗ ಮೂಲೆಯಲ್ಲಿ ನಿಂಬೆವ್ವ ಎದ್ದಳು, ಯಾರನ್ನೂ ಕೇಳದೆ ಕಪಾಟಿನ ಹತ್ತಿರ ಹೋದಳು, ಬಟ್ಟೆ ಸುತ್ತಿದ ಬೆರಳಿನ ಕೈಯಿಂದಲೇ ಗೊಂಬೆ ತೆಗೆದುಕೊಂಡು ಬಂದು ಕೂತಳು. ಬಾಳಮ್ಮ ನೋಡಿದಳು. ಮತ್ತೆ ಬಾಗಿಲಿನ ಮಾತು ಎತ್ತಲಿಲ್ಲ.

ತೀರ್ಮಾನ: ಬಾಗಿಲು ಕೂರಿಸುವುದಿಲ್ಲ. ಕೈ ಮುಗಿಯುವುದಿಲ್ಲ. ಹಸನಸಾಬ ಈ ಸಲ ಪೂರಾ ಟ್ರಕ್ಕೇ ಕೊಡುತ್ತಾನೆ. ಕಪಾಟು ಹೇರಬೇಕು, ಆಟಿಕೆ ಸಮೇತ. ಮಕ್ಕಳು, ತಾಯಂದಿರು, ಎಲ್ಲರೂ. ತಹಶೀಲ್ ಕಚೇರಿಯ ಮೆಟ್ಟಿಲ ಮೇಲೆ ಕಪಾಟು ಇಡುವುದು. ಮಕ್ಕಳು ಅಲ್ಲೇ ಆಡಲಿ, ಭೀಮಶಾ ಬರುವ ತನಕ. ಲಾಠಿ ಬಂದರೆ ಮಕ್ಕಳನ್ನು ಯಾರು ಎತ್ತಿಕೊಳ್ಳುವುದು ಅನ್ನುವುದೂ ಮಾತಾಯಿತು. ಕುದುರೆಗೆ ಗಾಲಿ ಬೇಕು, ನಾಳೆ ನಾನೇ ಹಚ್ಚಬೇಕು, ತಿರುಪುಳಿ ಅಣ್ಣನ ಜೊತೆ ಸ್ಟೇಷನ್ನಿಗೆ ಹೋಯಿತು... ಬೇರೆ ನೋಡಬೇಕು.

ಎಲ್ಲರೂ ಸೇರುವುದು ಆಳಂದ, ತಹಶೀಲ್ ಕಚೇರಿ ಮುಂದೆ. ಸೋಮವಾರ, ಇಪ್ಪತ್ತಾರನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ —