ಔಡಲ ಬೀಜದ ಬಗ್ಗೆ ನೀವು ನುಂಗಿಕೊಂಡ ಮಾತು

ಮಾನ್ಯ ಆರೋಗ್ಯ ಶಿಕ್ಷಣಾಧಿಕಾರಿಗಳೇ,

ಸಿದ್ದಾಪುರದ ಚಾವಡಿ ಗೋಡೆಗೆ ನಿಮ್ಮ ಕಚೇರಿಯವರು ಅಂಟಿಸಿದ ಕರಪತ್ರವನ್ನು ಮೊದಲು ಕಿತ್ತುಹಾಕಿಸಿ. ‘ಔಡಲ ಬೀಜದ ವಿಷದಿಂದ ಕ್ಯಾನ್ಸರಿಗೆ ಮದ್ದು’ ಎಂದು ದಪ್ಪಕ್ಷರದಲ್ಲಿ ಸಾರಿದ್ದೀರಿ. ಅದು ಮದ್ದಾಗಬೇಕಾದರೆ ಆ ವಿಷವನ್ನು, ಕ್ಯಾನ್ಸರ್ ಜೀವಕೋಶವನ್ನಷ್ಟೇ ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯಕ್ಕೆ ಜೋಡಿಸಬೇಕು. ಆ ಕೆಲಸ ಪರದೇಶದ ಪ್ರಯೋಗಾಲಯಗಳಲ್ಲಿ ಇನ್ನೂ ಪರೀಕ್ಷೆಯಲ್ಲೇ ಇದೆ. ಬರಿ ಬೀಜ ತಿಂದವರು ಸಾಯುತ್ತಾರೆ. ಇಷ್ಟು ಬರೆಯಲು ಕಾಗದ ಸಾಲಲಿಲ್ಲವೇ? ನಿಮ್ಮ ಮೊಹರಿಗೆ ಮಾತ್ರ ಧಾರಾಳ ಜಾಗ ಸಿಕ್ಕಿದೆ.

ಬಿ.ಎಸ್ಸಿ. ಓದಿದ ನಾನೇ ಅದನ್ನು ನಮ್ಮ ಅತ್ತೆ ಗಾಳೆಮ್ಮನವರಿಗೆ ಓದಿ ಹೇಳಿದೆ. ನನ್ನ ನಾಲ್ಕು ವರ್ಷದ ಮಗಳು ಪಂಪಾವತಿಗೆ ರಕ್ತದ ಕ್ಯಾನ್ಸರ್. ಎಲ್ಲೋ ಒಂದು ದಾರಿ ತೆರೆಯಿತೆಂಬ ಆಸೆಗೆ ಓದಿದೆ. ಪ್ರತಿಕಾಯದ ಸಂಗತಿ ತಿಳಿದದ್ದು ಮರುದಿನ, ಗಂಗಾವತಿಯ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತಿರುವಿದಾಗ. ಮನೆಗೆ ಬಂದರೆ ಅತ್ತೆ ಮೊಮ್ಮಗಳ ಮದ್ದಿಗೆಂದು ಅಂಗಳದಲ್ಲಿ ಔಡಲ ಕಾಯಿ ಒಣಹಾಕಿದ್ದರು.

“ಅತ್ತಿ, ಅದು ವಿಷ ಐತ್ರಿ. ಅದರ ಹಿಂಡಿ ಎಮ್ಮಿಗಿ ಹಾಕಾಕ ನೀವ ಬಿಡಂಗಿಲ್ಲ.”

“ವಿಷ ಅಂತನ ಸರಕಾರದವ್ರು ಬರದಾರಲ್ಲವಾ! ವಿಷಾನ ರೋಗ ಕೊಲ್ಲೂದು. ಪಂಪಾವತಿ ಕೂಸಿದ್ದಾಗ ವಾರಾ ವಾರಾ ಔಡಲೆಣ್ಣಿ ಕುಡಿಸಿದಾಕಿ ನಾನು. ಏನಾತು? ಕಾಲೇಜ ಕಲ್ತಾಕಿ ನನಗ ಔಡಲ ಕಲಿಸಾಕ ಬಂದಿಯೇನು?”

ಬೀಜ ಹುರಿದು, ಕುಟ್ಟಿ, ಕುದಿಸಿ, ತೇಲಿದ ಎಣ್ಣೆಯನ್ನಷ್ಟೇ ತೆಗೆಯುವುದು ನಮ್ಮ ಮನೆಗಳ ಪದ್ಧತಿ. ವಿಷ ಎಣ್ಣೆಗೆ ಇಳಿಯುವುದಿಲ್ಲ. ಆದರೆ ಎಣ್ಣೆ ಕುಡಿಸಿ ಮಕ್ಕಳನ್ನು ಬೆಳೆಸಿದ ಕೈಗೆ ಬೀಜದ ಭಯ ಹೇಗೆ ಹುಟ್ಟೀತು?

ನೆರೆಮನೆಯ ಜಿಲಾನಸಾಬರಿಗೆ ಗಂಟಲ ಕ್ಯಾನ್ಸರ್ ಇತ್ತು. ನಿಮ್ಮ ಕರಪತ್ರ ನಂಬಿ ಬೀಜ ಅರೆದು ನುಂಗಿದರು. ವಾಂತಿ, ರಕ್ತಭೇದಿ, ಮೂರನೆಯ ದಿನ ಮಣ್ಣಾದರು. ಅವರ ಹೆಂಡತಿ ಬಾಷಾಬಿ ಯಾರನ್ನೂ ದೂರಲಿಲ್ಲ. “ರೋಗ ಮುಂದ ಹೋಗಿತ್ರಿ ಅಕ್ಕಾರ, ನಾವ ತಡಾ ಮಾಡಿದ್ವಿ” ಎಂದು ಅತ್ತರು. ಅಲ್ಲಿಂದ ಬಂದ ಅತ್ತೆ ನನಗೆ ಹೇಳಿದ್ದು: “ಕೇಳಿದ್ಯಾ? ನಾವಾದ್ರೂ ತಡಾ ಮಾಡೂದು ಬ್ಯಾಡ.”

ಸತ್ತವರೂ ನಿಮ್ಮ ಕರಪತ್ರದ ಪರವಾಗಿಯೇ ಸಾಕ್ಷಿ ಹೇಳುತ್ತಿದ್ದಾರೆ. ಸಂತೋಷವೇ?

ಎರಡು ಸಲ ಬೀಜಗಳನ್ನು ತಿಪ್ಪೆಗೆ ಸುರಿದು ಬಂದೆ. ಊರ ಬದುಗಳ ತುಂಬ ಔಡಲವೇ ಇರುವಾಗ ಎಷ್ಟನ್ನೆಂದು ಸುರಿಯಲಿ? ಗಂಡ ಕಾಲುವೆ ಕೆಲಸದ ಮೇಲೆ ಪರ ಊರಿನಲ್ಲಿದ್ದಾರೆ. ಸೋಮವಾರ ನನ್ನ ಶಾಲೆ ತೆರೆಯುತ್ತದೆ, ಪಾಠ ಮಾಡಲು ಹೋಗಲೇಬೇಕು. ಮಗುವನ್ನು ನೋಡಿಕೊಳ್ಳುವವರು, ಅವಳನ್ನು ನನ್ನಷ್ಟೇ ಪ್ರೀತಿಸುವ ಅದೇ ಅಜ್ಜಿ.

ಆದ್ದರಿಂದ ಸೋಮವಾರದೊಳಗೆ ನೀವೇ ಬನ್ನಿ. ಬಿಟ್ಟ ಮಾತನ್ನೆಲ್ಲ ಬರೆದು, ಅದೇ ಮೊಹರು ಒತ್ತಿ, ಅದೇ ಗೋಡೆಯ ಮುಂದೆ ನಿಂತು ಗಟ್ಟಿಯಾಗಿ ಓದಿ. ನನ್ನ ಮಾತನ್ನು ಅತ್ತೆ ನಂಬುವುದಿಲ್ಲ, ಮೊಹರನ್ನು ನಂಬುತ್ತಾರೆ.

ಇಂದು ಅವರು ಅಂಗಡಿಯಿಂದ ಬೆಲ್ಲ ತಂದಿಟ್ಟಿದ್ದಾರೆ. ಮಗುವಿಗೆ ಬಾಯಿ ಕಹಿಯಾಗಬಾರದಂತೆ.

ಇಂತಿ,
ಓದಿ ಹೇಳಿದ ತಪ್ಪಿಗೆ ನಿದ್ದೆಗೆಟ್ಟವಳು,
ಪಂಪಾವತಿಯ ತಾಯಿ
ಸಿದ್ದಾಪುರ, 1986