ಇಸ್ತ್ರಿ ಮೇಷ್ಟ್ರು ಗುಡಿಸಿದ ಜೌಗು

ಏಪ್ರಿಲ್ 6

ಯೂನಿಫಾರಂ ಅರ್ಧವೂ ಹೊಲಿದಿಲ್ಲ. ದಾರ ಪದೇ ಪದೇ ತುಂಡಾಗುತ್ತಿದೆ. ಅಷ್ಟರಲ್ಲಿ ಮೀಟಿಂಗ್. ಜೌಗು ಉಳಿಸಿ ಸಮಿತಿಗೆ ನಾನು ಕಾರ್ಯದರ್ಶಿ — ಎಂದರೆ ಕುರ್ಚಿ ಹಾಕುವವಳು, ಟೀ ಕಾಸುವವಳು, ಬೈಸಿಕೊಳ್ಳುವವಳು. ಅಧ್ಯಕ್ಷರು ಇಸ್ತ್ರಿ ಮೇಷ್ಟ್ರು. ರಿಟೈರಾದ ಡ್ರಿಲ್ ಮೇಷ್ಟ್ರು, ಕರವಸ್ತ್ರಕ್ಕೂ ಇಸ್ತ್ರಿ ಹಾಕುವ ಆಸಾಮಿ.

ಶುಕ್ರವಾರ ಅಧಿಕಾರಿ ಬರುತ್ತಾರಂತೆ, ಜಾಗ ನೋಡಲು. ಇದು ಜೌಗು ಎಂದು ಬರೆದರೆ ಇಲ್ಲಿ ಗೋದಾಮು ಕಟ್ಟಲು ಹೊರಟ ಕಂಪನಿ ಮಣ್ಣು ಹಾಕುವಂತಿಲ್ಲ. ಅಲ್ಲ ಎಂದರೆ ಕಥೆ ಮುಗಿಯಿತು. ಹೋದ ವರ್ಷ ಒಂದು ಮೂಲೆ ತುಂಬಿದ್ದಕ್ಕೇ ಮಳೆನೀರು ನಿಲ್ಲಲು ಜಾಗವಿಲ್ಲದೆ ತಗ್ಗಿನ ಬೀದಿಗೆ ನುಗ್ಗಿತ್ತು. ತಂಗಿಯ ಮನೆಯಲ್ಲಿ ಮಂಚದ ಮಟ್ಟಕ್ಕೆ ನೀರು. ಅವಳ ಅತ್ತೆಯನ್ನು ಟೇಬಲ್ ಮೇಲೆ ಕೂರಿಸಿ ಬೆಳಗು ಮಾಡಿದ್ದೆವು. ಪೂರ್ತಿ ತುಂಬಿದರೆ ಆ ಬೀದಿಯಲ್ಲಿ ಯಾರೂ ಬಾಳುವ ಹಾಗಿಲ್ಲ.

ಏಪ್ರಿಲ್ 9, ಸಂಜೆ

ಹಾಳೆ ಹರಿಯುವ ಹಾಗೆ ಪೆನ್ನು ಒತ್ತಿ ಬರೆಯುತ್ತಿದ್ದೇನೆ. ಸಿಟ್ಟಿಗೆ.

ದಿನವೆಲ್ಲ ತಂಗಿಯ ಮನೆಯಲ್ಲಿದ್ದೆ. ವಾಪಸ್ ಬರುವಾಗ ನೋಡುತ್ತೇನೆ — ಜೌಗೇ ಇಲ್ಲ! ಆಳೆತ್ತರದ ಜೊಂಡು ನೆಲಮಟ್ಟಕ್ಕೆ ಕತ್ತರಿಸಿದ್ದಾರೆ. ಹಕ್ಕಿಗಳು ಗೂಡು ಮಾಡುತ್ತಿದ್ದ ಒಣಮರಗಳು ಸೌದೆಯಾಗಿವೆ. ಕಾಲುವೆ ತೋಡಿ ಇದ್ದ ನೀರನ್ನೂ ಹೊರಗೆ ಹರಿಸಿದ್ದಾರೆ. ದಾರಿಯ ಎರಡೂ ಕಡೆ ಸುಣ್ಣದ ಗೆರೆ. ನೆಟ್ಟಗೆ, ಸ್ಕೂಲಿನ ಮೈದಾನದಲ್ಲಿ ಎಳೆಯುತ್ತಿದ್ದರಲ್ಲ, ಹಾಗೆ. ಗೆರೆಯ ತುದಿಯಲ್ಲಿ ಮೇಷ್ಟ್ರು, ಹಳೇ ಶಿಷ್ಯರ ದಂಡು ಕಟ್ಟಿಕೊಂಡು.

“ಏನ್ ಮೇಷ್ಟ್ರೇ ಇದು?”

“ದೊಡ್ಡೋರು ಬರ್ತಾರಮ್ಮ. ಬಂದೋರು ಮೂಗು ಮುಚ್ಕೊಂಡು ನಿಲ್ಬೇಕಾ?”

“ಜೌಗು ಅಂದ್ಮೇಲೆ ಕೆಸರು ಇರತ್ತೆ! ಕೆಸರು ತೆಗೆದ್ರೆ ಇನ್ನೇನ್ ಉಳೀತು?”

“ಎಲ್ಲಾದಕ್ಕೂ ಒಂದು ಶಿಸ್ತು ಅಂತ ಇರತ್ತಮ್ಮ…”

ಶಿಸ್ತಂತೆ! ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಮನೆಗೆ ಬಂದು ಹೇಳಿದರೆ ಇವರು ತಟ್ಟೆಯಿಂದ ತಲೆಯನ್ನೂ ಎತ್ತದೆ, “ಗೋದಾಮಿನೋರು ಆಳಿಟ್ಟು ಮಾಡಿಸಿದ್ರೂ ಇಷ್ಟು ಚೆನ್ನಾಗಿ ಆಗ್ತಿರ್ಲಿಲ್ಲ ಬಿಡು” ಅಂದರು. ನಗು ಬರಲಿಲ್ಲ. ಊಟವೂ ಸೇರಲಿಲ್ಲ.

ಏಪ್ರಿಲ್ 10

ಅಂದುಕೊಂಡಂತೆಯೇ ಆಯಿತು. ಅಧಿಕಾರಿ ಸುಣ್ಣದ ಗೆರೆಯ ನಡುವೆ ನಡೆದು ಬಂದರು. ಬೂಟಿಗೆ ಒಂದು ಚೂರು ಮಣ್ಣು ಅಂಟಲಿಲ್ಲ.

“ಪಾರ್ಕ್ ಥರ ಇದೆಯಲ್ರೀ. ಜೌಗು ಎಲ್ಲಿ?”

ಕಂಪನಿ ಮ್ಯಾನೇಜರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಕೈಯಿಂದಲೇ ನೆಲ ಕೆದಕಿದೆ. ಕಪ್ಪು ಕೆಸರು, ಜೊಂಡಿನ ಬೇರು. ಮುಷ್ಟಿ ತುಂಬ ಎತ್ತಿ ಅಧಿಕಾರಿಯ ಮುಖದ ಹತ್ತಿರ ಹಿಡಿದೆ.

“ಇದೇನ್ ಸಾರ್, ಪಾರ್ಕಿನ ಮಣ್ಣಾ?”

“ನಾನು ಕಂಡಿದ್ದನ್ನ ಬರೀತೀನಮ್ಮ. ಮುಂಚೆ ಇದ್ದಿದ್ದನ್ನಲ್ಲ.”

“ಹಾಗಾದ್ರೆ ಮತ್ತೆ ಬನ್ನಿ. ಮಳೆ ಬಿದ್ಮೇಲೆ ಬನ್ನಿ!”

ಕಿರುಚಿದೆ ಅನಿಸುತ್ತದೆ. ನಾಚಿಕೆಯೇನೂ ಇಲ್ಲ. ಕೊನೆಗೆ, ನನ್ನ ಬಾಯಿ ಮುಚ್ಚಿಸಲಿಕ್ಕಾದರೂ ಇರಲಿ ಎಂದೋ ಏನೋ, ಒಪ್ಪಿದರು. ಮೇ 22ಕ್ಕೆ ಇನ್ನೊಮ್ಮೆ. ಅಲ್ಲಿಯವರೆಗೆ ಯಾರೂ ಒಂದು ಬುಟ್ಟಿ ಮಣ್ಣೂ ಹಾಕಬಾರದು. ಮ್ಯಾನೇಜರ್ ತಲೆಯಾಡಿಸಿದ.

ಏಪ್ರಿಲ್ 11

ಮೇಷ್ಟ್ರು ಬಂದಿದ್ದರು. ಬಾಗಿಲಲ್ಲೇ ನಿಂತರು. ನಾನು ಮಷೀನ್ ನಿಲ್ಲಿಸಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ… ಆ ದೊಣ್ಣೆಯ ಹತ್ತಿರ ನನಗೇನು ಮಾತು? ಹೋದರು.

ಮೇ 4

ಕಾಲುವೆ ಮುಚ್ಚಿದೆವು. ತಂಗಿ, ಇವರು, ನಾನು. ಜೊಂಡು ಮೊಣಕಾಲೆತ್ತರ ಚಿಗುರಿದೆ! ಪುಣ್ಯಕ್ಕೆ ಬೇರು ಕಿತ್ತಿರಲಿಲ್ಲ. ಮೇಷ್ಟ್ರು ದಿನಾ ಬೆಳಿಗ್ಗೆ ಬಂದು ದೂರದಲ್ಲೇ ನಿಲ್ಲುತ್ತಾರಂತೆ, ಕಾವಲಿಗೆ. ಇವತ್ತು ನಾನೇ ನೋಡಿದೆ. ಒಂದು ಚಿಪ್ಸ್ ಕವರ್ ಕಡೆ ಬೆರಳು ತೋರಿಸಿ ಕೇಳಿದರು:

“ಅಮ್ಮಾ… ಅದನ್ನ ತೆಗೀಬಹುದಾ?”

“ಪ್ಲಾಸ್ಟಿಕ್ ತೆಗೀರಿ ಮೇಷ್ಟ್ರೇ, ಅದಕ್ಕೂ ನನ್ನ ಕೇಳ್ಬೇಕಾ!”

ಅಂದಿನಿಂದ ಅವರ ಜೊತೆ ಆಡಿದ ಮೊದಲ ಮಾತು. ಸಿಟ್ಟು ಇಳಿದಿಲ್ಲ. ಆದರೂ ಅಯ್ಯೋ ಪಾಪ ಅನಿಸಿತು.

ಮೇ 18

ಮಳೆ. ಇಡೀ ಮಧ್ಯಾಹ್ನ ಹೊಯ್ದಿತು. ಜೌಗು ತುಂಬಿ ನಿಂತಿದೆ, ಕಪ್ಪೆಗಳ ಗದ್ದಲಕ್ಕೆ ಕಿವಿ ಕೇಳುವುದಿಲ್ಲ. ತಂಗಿಯ ಫೋನ್ — “ಅಕ್ಕಾ, ಬೀದಿಗೆ ಒಂದ್ ಹನಿ ಬಂದಿಲ್ಲ ಕಣೇ!” ಇಬ್ಬರೂ ಅತ್ತೆವು. ಈಗ ಬರಲಿ ಆ ಅಧಿಕಾರಿ, ಬೂಟು ಹಾಕಿಕೊಂಡು.

ಮೇ 21, ಬೆಳಿಗ್ಗೆ

ಕಳ್ಳರು! ಒಂದು ದಿನ ಮುಂಚೆಯೇ ಲಾರಿಗಳು ಬಂದಿವೆ, ಮಣ್ಣು ತುಂಬಿಕೊಂಡು. “ಇಳಿಸಿಡ್ತೀವಿ ಅಷ್ಟೇ, ಹರಡಲ್ಲ” ಅನ್ನುತ್ತಾನೆ ಮ್ಯಾನೇಜರ್. ನಾವೇನು ಕಿವಿಯಲ್ಲಿ ಹೂ ಇಟ್ಟುಕೊಂಡಿದ್ದೇವೆಯೇ? ಅಧಿಕಾರಿ ಫೋನ್ ಎತ್ತುತ್ತಿಲ್ಲ. ನನ್ನ ಫೋನೂ ಸತ್ತಿತು. ಚಾರ್ಜಿಗೆ ಹಾಕಲು ಓಡಿ ಬಂದೆ. ಸುಮ್ಮನೆ ಕಾಯಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಲಾರಿಯ ಮುಂದೆ ಮೇಷ್ಟ್ರು ಕೂತಿದ್ದಾರೆ. ಕೆಸರಲ್ಲಿ! ಬಿಳಿ ಪ್ಯಾಂಟು, ಗರಿಗರಿ ಶರ್ಟು. ಸೊಂಟದವರೆಗೂ ಕಪ್ಪು ನೀರು.

“ಏಳಿ ಯಜಮಾನ್ರೇ, ಬಟ್ಟೆಯೆಲ್ಲ ಕೊಳೆ ಆಗತ್ತೆ” ಅಂದ ಡ್ರೈವರ್.

“ಆಗ್ಲಿ ಬಿಡಪ್ಪ. ಕೆಸರಿದ್ರೇನೇ ಜೌಗು” ಅಂದರು.

ತಂಗಿ ಅತ್ತೆಯನ್ನೂ ಕರೆದುಕೊಂಡು ಹೊರಟಿದ್ದಾಳೆ. ಒಂದು ಚಾಪೆ ತೆಗೆದುಕೊಂಡು ಹೋಗಲೇ ಎಂದು ಯೋಚಿಸಿದೆ. ಬೇಡ, ಮೇಷ್ಟ್ರು ಅದರ ಸುಕ್ಕು ಬಿಡಿಸುತ್ತಾ ಕೂರುತ್ತಾರೆ. ನಾನೂ ಅವರ ಪಕ್ಕದಲ್ಲಿ ಹಾಗೇ ಕೆಸರಲ್ಲಿ ಕೂರುತ್ತೇನೆ.

ಹಾರ್ನ್. ಇವರು ಕೂಗುತ್ತಿದ್ದಾರೆ — ಎರಡನೇ ಲಾರಿ ಜೌಗಿನ ಆ ಕಡೆಯಿಂದ ನುಗ್ಗುತ್ತಿದೆಯಂತೆ. ಹೊರಟೆ.