ಕುಸಿಯಲೆಂದೇ ಬಿಟ್ಟ ದಡ

ಹಳ್ಳ ಪುನಶ್ಚೇತನ ಯೋಜನೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಮನೆಯ ಹಿಂದಿನ ದಡ ಕುಸಿಯುತ್ತಿದೆ. ಅದು ಕುಸಿದಷ್ಟೂ ನಿಮ್ಮ ಯೋಜನೆಗೆ ಅಂಕ ಹೆಚ್ಚು ಬರುತ್ತಿದೆ. ಇದೇ ನನ್ನ ದೂರು. ಇದರಲ್ಲಿ ಉತ್ಪ್ರೇಕ್ಷೆ ಒಂದಕ್ಷರವೂ ಇಲ್ಲವೆಂದು ದೇವರ ಮೇಲೆ ಆಣೆಯಿಟ್ಟು ಹೇಳಬಲ್ಲೆ. ಆದರೆ ದೇವರ ಆಣೆಗೆ ಮೊಹರು ಒತ್ತುವ ಗುಮಾಸ್ತರು ನಿಮ್ಮ ಕಚೇರಿಯಲ್ಲಿ ಇಲ್ಲವಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ, ಅದೂ ಪತ್ರಿಕೆಯಲ್ಲಿ, ನಾಲ್ಕು ಜನ ಓದಲಿ ಎಂದು. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ. ದಡ ತಿದ್ದುವುದಕ್ಕಿಂತ ಅದು ಸುಲಭ.

ಸೇತುವೆಯಿಂದ ಮೇಲಕ್ಕೆ ನೀವು ಮಾಡಿಸಿದ ಕೆಲಸವನ್ನು ನಾನು ಹಳಿಯುವವಳಲ್ಲ. ವಿದ್ಯಾರ್ಥಿನಿಲಯವೊಂದರಲ್ಲಿ ಅಡುಗೆ ಮಾಡುತ್ತೇನೆ. ದಿನಾ ಬೆಳಿಗ್ಗೆ ಆ ದಡದ ಮೇಲೇ ನಡೆದು ಹೋಗುತ್ತೇನೆ. ಮೊದಲು ಅಲ್ಲಿ ಮೂಗು ಮುಚ್ಚಿಕೊಂಡು ಓಡಬೇಕಾಗಿತ್ತು. ನೀವು ಕಸ ತೆಗೆಸಿದಿರಿ, ಚರಂಡಿ ನೀರನ್ನು ಬೇರೆ ಕೊಳವೆಗೆ ತಿರುಗಿಸಿದಿರಿ, ಎರಡೂ ಪಕ್ಕ ಕಲ್ಲಿನ ದಡ ಕಟ್ಟಿಸಿದಿರಿ. ಮೀನು ಹಿಡಿಯುವ ನೀಲಿ ಹಕ್ಕಿ ಎಷ್ಟೋ ವರ್ಷಗಳ ಮೇಲೆ ಅಲ್ಲಿ ಬಂದು ಕೂತದ್ದನ್ನು ಕಂಡ ದಿನ ನಿಂತಲ್ಲೇ ಕೈಮುಗಿದಿದ್ದೆ. ಆ ಕಲ್ಲು ಕಟ್ಟಿದ ಗಾರೆಯವರಲ್ಲಿ ನಮ್ಮ ಯಜಮಾನರೂ ಒಬ್ಬರು. ಗಟ್ಟಿ ಕೆಲಸ. ಆ ಗಟ್ಟಿತನವೇ ಈಗ ನಮ್ಮ ತಲೆಯ ಮೇಲೆ ಬಂದಿದೆ. ಮೊದಲು ಮಣ್ಣಿನ ದಡಗಳಲ್ಲಿ ಅಲ್ಲಲ್ಲಿ ಹರಡಿ, ಇಂಗಿ, ಸುಸ್ತಾಗಿ ಕೆಳಗಿಳಿಯುತ್ತಿದ್ದ ಮಳೆನೀರು ಈಗ ಕಲ್ಲಿನ ನಡುವೆ ಎಲ್ಲೂ ಕೂರಲು ಜಾಗ ಸಿಗದೆ ಒಂದೇ ಉಸಿರಿನಲ್ಲಿ ಓಡಿ ಬರುತ್ತದೆ. ಸೇತುವೆ ದಾಟಿದ ಕೂಡಲೇ ಸಿಗುವ ಮೊದಲ ಮಣ್ಣಿನ ದಡಕ್ಕೆ ಬಂದು ಗುದ್ದುತ್ತದೆ. ಆ ಮೊದಲ ಮಣ್ಣಿನ ದಡದ ಮೇಲೆ ನಮ್ಮ ಮನೆಯಿದೆ.

ಹಾಗಾದರೆ ಅಲ್ಲಿಯೂ ಏನಾದರೂ ಮಾಡಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಅಲ್ಲೇ ಇರುವುದು ಸ್ವಾರಸ್ಯ. ಕೆಲಸ ಮುಗಿದ ಮೇಲೆ ನಿಮ್ಮ ಜನ ಬಂದು ನಮ್ಮ ಹಿತ್ತಲಿನ ಅಂಚಿನಲ್ಲಿ ಒಂದು ಫಲಕ ನೆಟ್ಟರು: ‘ತುಲನಾ ಭಾಗ. ಯಾವುದೇ ಬದಲಾವಣೆ ನಿಷೇಧಿಸಲಾಗಿದೆ.’ ಏನಪ್ಪಾ ಇದು ಎಂದು ಕೇಳಿದರೆ, ಯೋಜನೆಯಿಂದ ಹಳ್ಳಕ್ಕೆ ಎಷ್ಟು ಒಳ್ಳೆಯದಾಯಿತೆಂದು ತಿಳಿಯಬೇಕಾದರೆ ಒಳ್ಳೆಯದು ಮಾಡದೆ ಬಿಟ್ಟ ಒಂದು ತುಂಡು ಬೇಕಂತೆ. ಎರಡನ್ನೂ ವರ್ಷವರ್ಷ ಅಳೆದು ಹೋಲಿಸುವುದಂತೆ. ಮೌಲ್ಯಮಾಪನ ಮುಗಿಯುವವರೆಗೆ ಒಂದು ಕಲ್ಲನ್ನೂ ಅತ್ತಿತ್ತ ಮಾಡಬಾರದಂತೆ. ಊರಿಗೆಲ್ಲ ಮದ್ದು, ನಮಗೆ ರೋಗ. ಮದ್ದು ನಾಟಿತೋ ಇಲ್ಲವೋ ತಿಳಿಯಲಿಕ್ಕೆ! ಒಬ್ಬನನ್ನು ಕಷ್ಟದಲ್ಲಿ ಇಟ್ಟು ಇನ್ನೊಬ್ಬನಿಗೆ ‘ನೋಡು, ನಿನ್ನ ಸ್ಥಿತಿ ಎಷ್ಟು ಚೆನ್ನಾಗಿದೆ’ ಎಂದು ತೋರಿಸುವ ಕೆಲಸವನ್ನು ನಾನು ನಂಬಿದ ದೇವರು ಮಾಡಿದ್ದನ್ನು ಕಂಡಿಲ್ಲ. ನಿಮ್ಮ ಕಚೇರಿ ಮಾಡಿದ್ದನ್ನು ಕಂಡೆ.

ಹೋದ ಮಳೆಗಾಲದ ಒಂದು ಮಧ್ಯಾಹ್ನ ನಮ್ಮ ಬಚ್ಚಲುಮನೆ ಹಳ್ಳಕ್ಕೆ ಬಿತ್ತು. ನಮ್ಮ ಅತ್ತೆಯವರು ಸ್ನಾನ ಮುಗಿಸಿ ಹೊರಗೆ ಬಂದು ತಲೆ ಒರೆಸಿಕೊಳ್ಳುತ್ತಿದ್ದರು. ಅವರು ಇನ್ನೂ ಒಂದು ಚೊಂಬು ನೀರು ಹೊಯ್ದುಕೊಳ್ಳುವ ಆಸೆಪಟ್ಟಿದ್ದರೆ ಈ ಪತ್ರದ ಧಾಟಿಯೇ ಬೇರೆ ಇರುತ್ತಿತ್ತು. ಗೋಡೆ, ಬಾಗಿಲು, ಹಂಡೆ ಎಲ್ಲ ಒಟ್ಟಿಗೆ ಜಾರಿ ನೀರಿನಲ್ಲಿ ಕೂತವು. ಯಜಮಾನರು ಇಳಿದು ಇಟ್ಟಿಗೆ ಎತ್ತಲು ಹೋದರೆ, ಹಳ್ಳದಲ್ಲಿ ನೆಟ್ಟ ಅಳತೆಯ ಕೋಲು ನೋಡಿಕೊಳ್ಳಲು ಬಂದಿದ್ದ ನಿಮ್ಮ ಕಾವಲಿನವರು ತಡೆದರು. ಬಿದ್ದದ್ದನ್ನು ಎತ್ತುವುದೂ ಬದಲಾವಣೆಯೇ ಅಂತೆ. ಅತ್ತೆಯವರಿಗೆ ಎಂಬತ್ತು ದಾಟಿದೆ, ನಾಲಿಗೆಗೆ ಇನ್ನೂ ಮೂವತ್ತು. “ನೋಡೇ, ನಮ್ಮ ಬಚ್ಚಲಿಗೂ ಸರ್ಕಾರಿ ಕೆಲಸ ಸಿಕ್ತು. ಇನ್ನು ಅದನ್ನ ಯಾರೂ ಅಲ್ಲಾಡಿಸೋಕಾಗಲ್ಲ” ಎಂದರು.

ಮಾರನೆಯ ದಿನವೇ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. (ಮಾನ್ಯರೇ, ನಾನು ಬಂದಾಗಲೆಲ್ಲ ನೀವು ಸಭೆಯಲ್ಲಿರುತ್ತೀರಿ. ಬೆಳಗಿನ ಪ್ರಾರ್ಥನೆಯಲ್ಲಿ ನಿಮ್ಮನ್ನು ನೆನೆಯುವಾಗಲೂ ಹೆಸರು ಗೊತ್ತಿಲ್ಲದೆ ಹುದ್ದೆಯಿಂದಲೇ ಕರೆಯುತ್ತೇನೆ.) ನಿಮ್ಮ ಕೈಕೆಳಗಿನ ಎಂಜಿನಿಯರು, ಮೃದು ಸ್ವಭಾವದವರು, ನನ್ನನ್ನು ಕೂರಿಸಿ ಸಮಾಧಾನ ಹೇಳಿದರು.

“ಅಮ್ಮಾ, ಸ್ವಲ್ಪ ಅರ್ಥ ಮಾಡ್ಕೊಳ್ಳಿ. ನಿಮ್ಮ ದಡ ರಿಪೇರಿ ಮಾಡಿಬಿಟ್ಟರೆ ನಾವು ಯಾವುದರ ಜೊತೆ ಹೋಲಿಸೋದು?”

“ನಿಮ್ಮ ಮನೆ ಜೊತೆ ಹೋಲಿಸಿಕೊಳ್ಳಪ್ಪಾ. ಅದು ಗಟ್ಟಿಯಾಗೇ ಇದೆಯಲ್ಲ” ಎಂದೆ.

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಇನ್ನೆರಡು ಮಳೆಗಾಲ ಅಷ್ಟೇ ಅಮ್ಮಾ, ಕೊನೇ ವರದಿ ಆಗಿಬಿಡುತ್ತೆ” ಎಂದರು. ಎರಡು ಮಳೆಗಾಲದಲ್ಲಿ ಮುಗಿದುಹೋಗುವುದು ವರದಿಯೋ ನಾವೋ ಎಂಬ ಮಾತು ಬಾಯಿಗೆ ಬಂತು. ಆ ಮನುಷ್ಯನ ಮುಖ ನೋಡಿ ಎದ್ದು ಬಂದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ: ಫಲಕ ಹಾಳಾಗಿ ಹೋಗಲಿ, ದಡದ ಬುಡಕ್ಕೆ ಕಲ್ಲು ಹಾಕಿ. ಅವರೂ ಮೈದುನನೂ ಸೇರಿ ಹಾಕಿದರು. ವಾರ ಕಳೆಯುವುದರೊಳಗೆ ನಿಮ್ಮ ಲಾರಿ ಬಂದು ಎತ್ತಿಕೊಂಡು ಹೋಯಿತು. ಬಚ್ಚಲುಮನೆಯ ಇಟ್ಟಿಗೆ ಎತ್ತಲು ಇಲ್ಲದ ಕೈಗಳು ನಮ್ಮ ಕಲ್ಲು ಎತ್ತಲು ಎಲ್ಲಿಂದ ಬಂದವೋ! ನಾನು ಕೂಗಾಡಿದೆ. ಯಜಮಾನರು ಮಾತ್ರ ಕಟ್ಟೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು.

“ಬಾಯಲ್ಲಿ ಏನು ಕಡುಬು ಇಟ್ಕೊಂಡಿದೀರಾ? ಒಂದು ಮಾತಾಡಬಾರದಾ?”

“ಮಾತಾಡೋಕೆ ಏನಿದೆ? ಎತ್ಕೊಂಡು ಹೋಗಿದ್ದೇ ಒಳ್ಳೇದಾಯ್ತು.”

“ತಲೆ ಸರಿ ಇದೆಯಾ?”

“ಮೇಲೆ ನಾನು ಕಲ್ಲು ಕಟ್ಟಿದೆ, ನೀರು ನಮ್ಮ ಮನೆಗೆ ಬಂತು. ಇಲ್ಲಿ ಕಟ್ಟಿದರೆ ಎಲ್ಲಿಗೆ ಹೋಗುತ್ತೆ? ಇಸ್ತ್ರಿಯವನ ಮನೆಗೆ. ಅವನ ಮಗಳು ಬಸುರಿ, ಹಿಂದಿನ ಕೋಣೆಯಲ್ಲೇ ಮಲಗ್ತಾಳೆ.”

ನಮ್ಮ ಕೆಳಗಿನ ಮನೆ ಇಸ್ತ್ರಿ ಅಂಗಡಿಯವರದು. ಅವರ ದಡವೂ ಮಣ್ಣಿನದೇ. ಆ ಮಾತು ಕೇಳಿದ ಮೇಲೆ ನನಗೆ ಕೂಗಾಡಲು ಆಗಲಿಲ್ಲ. ನಮ್ಮ ಸಂಕಟವನ್ನು ಪಕ್ಕದ ಹಿತ್ತಲಿಗೆ ದಾಟಿಸಿ ಸಂಜೆ ಯಾವ ಬಾಯಲ್ಲಿ ದೇವರ ನಾಮ ಹೇಳಲಿ? ಹಾಗೆ ದಾಟಿಸಿ ‘ಉದ್ಧಾರವಾಯಿತು’ ಎನ್ನಲು ನನಗೆ ನಿಮ್ಮಷ್ಟು ಶಿಕ್ಷಣವಿಲ್ಲ.

ಈಗ ನಿಮ್ಮ ವರದಿಯ ಸಭೆಗೆ ಬರೋಣ. ಸಮುದಾಯ ಭವನದಲ್ಲಿ ದೊಡ್ಡ ಪರದೆ ಕಟ್ಟಿ ಮಧ್ಯಂತರ ಮೌಲ್ಯಮಾಪನ ತೋರಿಸಿದಿರಿ. ಸಾರ್ವಜನಿಕರೆಲ್ಲರಿಗೂ ಆಹ್ವಾನವಿತ್ತು, ನಾವೂ ಹೋಗಿದ್ದೆವು. ಪರದೆಯ ಎಡಗಡೆ ಮೇಲಿನ ಭಾಗ: ಕಲ್ಲು, ಹಸಿರು, ನೀಲಿ ಹಕ್ಕಿ. ಬಲಗಡೆ ತುಲನಾ ಭಾಗ: ನೀರಿನಲ್ಲಿ ಅರ್ಧ ಮುಳುಗಿದ ನಮ್ಮ ಬಚ್ಚಲಿನ ಬಾಗಿಲು. ಅದರ ಕೆಳಗೆ ದಪ್ಪಕ್ಷರದಲ್ಲಿ ‘ಸ್ಥಳೀಯರು ಸುರಿದ ಕಟ್ಟಡ ತ್ಯಾಜ್ಯ’. ದಡದ ಗಟ್ಟಿತನಕ್ಕೆ ಎಡಕ್ಕೆ ಇಷ್ಟು ಅಂಕ, ಬಲಕ್ಕೆ ಸೊನ್ನೆ. ಹೂಳು, ಮೀನು, ಸ್ವಚ್ಛತೆ, ಎಲ್ಲದರಲ್ಲೂ ಅದೇ ಕಥೆ. ಎರಡರ ನಡುವಿನ ಅಂತರ ದೊಡ್ಡದಾದಷ್ಟೂ ಯೋಜನೆ ಯಶಸ್ವಿ ಎಂದು ನೀವೇ ಕೋಲಿನಿಂದ ತೋರಿಸಿ ಹೇಳಿದಿರಿ. ಜನ ಚಪ್ಪಾಳೆ ತಟ್ಟಿದರು. ನನ್ನ ಹಿಂದೆ ಕೂತಿದ್ದ ಹೆಂಗಸು, “ಎಂಥಾ ಜನ ಇರ್ತಾರಪ್ಪಾ, ಹಳ್ಳಕ್ಕೆ ಬಾಗಿಲು ಎಸೀತಾರೆ” ಎಂದಳು. ನಾನು ಎದ್ದು ನಿಂತೆ. “ಎಸೆದಿದ್ದಲ್ಲ ಸ್ವಾಮೀ, ಅದು ನಮ್ಮ ಬಚ್ಚಲು, ತಾನಾಗಿ ಬಿದ್ದಿದ್ದು” ಎಂದೆ. ಎಲ್ಲರೂ ನಕ್ಕರು. ನೀವೂ ನಕ್ಕು, “ಪ್ರಶ್ನೋತ್ತರ ಕೊನೆಗೆ ಇದೆ ತಾಯೀ” ಎಂದಿರಿ. ಕೊನೆಗೆ ಊಟವಿತ್ತು; ಪ್ರಶ್ನೋತ್ತರ ಇರಲಿಲ್ಲ.

ನಾನು ಅಡುಗೆಯವಳು, ನನಗೆ ತಿಳಿಯುವ ಮಾತಿನಲ್ಲಿ ಕೇಳುತ್ತೇನೆ. ಒಂದು ಪಾತ್ರೆಯ ಗಂಜಿಯನ್ನೆಲ್ಲ ಪಕ್ಕದ ಪಾತ್ರೆಗೆ ಬಸಿದು, ‘ನೋಡಿ, ಈ ಪಾತ್ರೆಯ ಅನ್ನ ಎಷ್ಟು ಉದುರುದುರು, ಆ ಪಾತ್ರೆಯದು ಹೇಗೆ ಮುದ್ದೆ’ ಎಂದರೆ ನಮ್ಮ ಹಾಸ್ಟೆಲಿನ ಹುಡುಗಿಯರು ಒಪ್ಪುತ್ತಾರೆಯೇ? ತಟ್ಟೆ ಬಡಿಯುತ್ತಾರೆ. ನೀವು ಬಸಿದ ನೀರನ್ನು ಹೊತ್ತುಕೊಂಡ ಪಾತ್ರೆಯನ್ನೇ ಹೋಲಿಕೆಗೆ ಇಟ್ಟುಕೊಂಡಿದ್ದೀರಿ. ಇದು ನಾನು ಕಂಡುಹಿಡಿದದ್ದೇನಲ್ಲ. ವರ್ಷಕ್ಕೊಮ್ಮೆ ನೀರು ಅಳೆಯಲು ಬರುತ್ತಿದ್ದ ನಿಮ್ಮದೇ ಕಚೇರಿಯ ಹೆಣ್ಣುಮಗಳು ನಮ್ಮ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಾ ಹೇಳಿದ್ದು: ಹೋಲಿಕೆಯ ಜಾಗ ಕೆಲಸದಿಂದ ಮೇಲಕ್ಕೆ, ಅದರ ನೀರು ಮುಟ್ಟದ ಕಡೆ ಇರಬೇಕಿತ್ತು. ಮೇಲಕ್ಕೆ ಕಲ್ಲುಕ್ವಾರಿಯವರ ಬೇಲಿ ಇದೆ, ಅವರು ಗೇಟು ತೆರೆಯಲಿಲ್ಲ. ಸುಲಭಕ್ಕೆ ಸಿಕ್ಕಿದ್ದು ನಮ್ಮ ಹಿತ್ತಲು. ಅವಳನ್ನು ಹುಡುಕಿ ನೋಟಿಸು ಕೊಡುವ ಶ್ರಮ ತೆಗೆದುಕೊಳ್ಳಬೇಡಿ. ಕೆಲಸ ಬಿಟ್ಟು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಳೆ. ಇದನ್ನು ಬರೆಯಿರಿ ಎಂದವಳೂ ಅವಳೇ.

ಅವಳು ಇನ್ನೊಂದು ವಿಷಯವನ್ನೂ ಹೇಳಿದಳು. ಯೋಜನೆಯ ಮೊದಲ ನಕ್ಷೆಯಲ್ಲಿ ಸೇತುವೆಯ ಮೇಲ್ಗಡೆಯ ತಗ್ಗು ಮೈದಾನಕ್ಕೆ ಕಲ್ಲಿನ ದಡ ಇರಲಿಲ್ಲವಂತೆ. ಜೋರು ಮಳೆಯ ನೀರು ಅಲ್ಲಿ ಹರಡಿ, ಒಂದು ಗಳಿಗೆ ಕೂತು, ನಿಧಾನವಾಗಿ ಕೆಳಗಿಳಿಯಲಿ ಎಂದು ಹಾಗೇ ಬಿಟ್ಟಿದ್ದರಂತೆ. ಉದ್ಘಾಟನೆಗೆ ಬರುವ ದೊಡ್ಡವರಿಗೆ ಶಾಮಿಯಾನ ಹಾಕಲು ಸಮತಟ್ಟು ಜಾಗ ಬೇಕಾಯಿತು. ತಗ್ಗು ತುಂಬಿತು, ಹುಲ್ಲುಹಾಸು ಬಂತು, ಅದು ನೆನೆಯದಿರಲೆಂದು ಕಲ್ಲಿನ ದಡ ಎದ್ದಿತು. ಅಂದರೆ ಗೊತ್ತಿಲ್ಲದೆ ಆದ ತಪ್ಪೂ ಅಲ್ಲ ಇದು. ಅರ್ಧ ದಿನದ ಭಾಷಣಕ್ಕೆ ಹಳ್ಳದ ಜಾಗ ತೆಗೆದುಕೊಂಡಿರಿ, ಹಳ್ಳ ನಮ್ಮ ಜಾಗ ತೆಗೆದುಕೊಳ್ಳುತ್ತಿದೆ. ಇದೇ ವರದಿಯನ್ನು ಕಂಕುಳಲ್ಲಿಟ್ಟುಕೊಂಡು ಈಗ ಎರಡನೆಯ ಹಂತಕ್ಕೆ ಹೊರಟಿದ್ದೀರಿ ಎಂಬ ಸುದ್ದಿ ಕಿವಿಗೆ ಬಿತ್ತು. ಆ ಹಂತದಲ್ಲಿ ಕಟ್ಟುವ ಕಲ್ಲಿನ ದಡವೂ ಎಲ್ಲೋ ಒಂದು ಕಡೆ ಮುಗಿಯಲೇಬೇಕಲ್ಲ, ಮಾನ್ಯರೇ? ಅಲ್ಲಿ ಯಾರ ಮನೆಯಿದೆ ಎಂದು ಈಗಲೇ ಹೋಗಿ ನೋಡಿಕೊಂಡು ಬನ್ನಿ.

ಈಗಿನ ಸ್ಥಿತಿ ಹೀಗಿದೆ. ಬಚ್ಚಲುಮನೆ ಹೋದ ಮೇಲೆ ನೀರಿಗೆ ಎದುರಾಗಿರುವುದು ಅತ್ತೆಯವರ ಕೋಣೆ. ಮೂಲೆಯಿಂದ ಕಿಟಕಿಯವರೆಗೆ ಬಿರುಕು ಬಂದಿದೆ, ಕೈ ಹೋಗುವಷ್ಟು. ಹೊರಗಿನ ಕೋಣೆಗೆ ಬನ್ನಿ ಎಂದರೆ ಅವರು ಬರುವುದಿಲ್ಲ. ಮಾವನವರು ತೀರಿಹೋದ ಕೋಣೆ ಅದು. “ನಾನೂ ಇಲ್ಲಿಂದಲೇ ಹೊರಡ್ತೀನಿ. ನಡೆದುಕೊಂಡೋ, ತೇಲಿಕೊಂಡೋ, ನಿಮ್ಮ ಸಾಹೇಬರೇ ತೀರ್ಮಾನ ಮಾಡಲಿ” ಎನ್ನುತ್ತಾರೆ. ತಮಾಷೆಗೆ ಹೇಳುತ್ತಾರೆ. ಆದರೆ ಮೋಡ ಕಟ್ಟಿದರೆ ಅವರ ಕೈ ಮಂಚದ ಅಂಚನ್ನು ಹಿಡಿದುಕೊಳ್ಳುವುದನ್ನು ನಾನು ನೋಡಿದ್ದೇನೆ. ಯಜಮಾನರೂ ನೋಡಿದ್ದಾರೆ. ತಮ್ಮ ಕೈಯಾರೆ ಕಟ್ಟಿದ್ದೇ ಹೆತ್ತ ತಾಯಿಯ ಗೋಡೆಯನ್ನು ಸೀಳುತ್ತಿದೆ ಎಂಬುದನ್ನು ನುಂಗಿಕೊಂಡು ಓಡಾಡುವ ಮನುಷ್ಯನ ಎದುರು ದಿನಾ ತಟ್ಟೆ ಇಟ್ಟು ಬಡಿಸುವುದು ಹೇಗೆಂದು ನಿಮ್ಮ ಯಾವ ವರದಿಯಲ್ಲಿದೆ?

ನಮಗೆ ಪರಿಹಾರ ಬೇಡ, ಬೇರೆ ಮನೆ ಬೇಡ, ಹೊಸ ಬಚ್ಚಲೂ ಬೇಡ. ಅದನ್ನು ನಾವೇ ಕಟ್ಟಿಕೊಳ್ಳುತ್ತೇವೆ. ಹುಲ್ಲುಹಾಸಿನ ಅಂಚಿನ ಕಲ್ಲಿನ ದಡವನ್ನು ಬಿಚ್ಚಿ, ತುಂಬಿದ ಮಣ್ಣು ತೆಗೆದು, ನಿಮ್ಮದೇ ಮೊದಲ ನಕ್ಷೆಯಲ್ಲಿದ್ದಂತೆ ನೀರಿಗೆ ಅದರ ಜಾಗ ವಾಪಸು ಕೊಡಿ. ನಿಮ್ಮಲ್ಲಿ ಆಳು ಇಲ್ಲವೆಂದರೆ ಒಂದು ಅನುಮತಿ ಬರೆದುಕೊಡಿ. ಕಟ್ಟಿದ ಗಾರೆಯವರೇ ಬಂದು ಬಿಚ್ಚುತ್ತಾರೆ, ಕೂಲಿ ಕೇಳುವುದಿಲ್ಲ. ಅವರ ಊಟದ ಹೊಣೆ ನನ್ನದು. ಮೌಲ್ಯಮಾಪನವನ್ನೂ ಬೇಕಾದರೆ ಮಾಡಿ, ಅದಕ್ಕೆ ಕ್ವಾರಿಯವರ ಗೇಟು ತೆರೆಸಿ. ಆದರೆ ಮಳೆಗೆ ಮುಂಚೆ ಹೇಳಿ. ನಿಮ್ಮ ಹುಲ್ಲು ಒಂದು ಮಳೆಗಾಲ ಮುಳುಗಿದರೂ ಮತ್ತೆ ಚಿಗುರುತ್ತದೆ. ಗೋಡೆ ಚಿಗುರುವುದಿಲ್ಲ.

ಇಂತಿ,
ಯಾವ ಬದಲಾವಣೆಯೂ ಆಗಬಾರದೆಂದು ತಮ್ಮ ಅಪ್ಪಣೆಯಿದ್ದರೂ ದಿನೇದಿನೇ ಹಳ್ಳದ ಕಡೆಗೆ ವಾಲುತ್ತಿರುವ ಮನೆಯ ಸೊಸೆ